ಲಾಗೋಸ್‌ನ ಬೈಕ್ ಟ್ಯಾಕ್ಸಿ ಜಿದ್ದು: ದುಡ್ಡು ಸುರಿದವರು ಎಲ್ಲಿಗೆ ಹೋದರು?

ಪ್ರಶ್ನೆ: ಬೆಂಗಳೂರಿನಲ್ಲಿ ಬೈಕ್ ಟ್ಯಾಕ್ಸಿ ಕಂಪನಿಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಈಗ ನೈಜೀರಿಯಾದ ಲಾಗೋಸ್‌ನಿಂದ ಒಂದು ಸಾರಿಗೆ ಸ್ಟಾರ್ಟಪ್ ಕೆಲಸಕ್ಕೆ ಕರೆದಿದೆ. ಆ ಊರಿನ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ತಲೆ ಕೆಡಿಸಿತು. 2019ರಲ್ಲಿ ಅಲ್ಲಿ ಮೂರು ಬೈಕ್ ಟ್ಯಾಕ್ಸಿ ಕಂಪನಿಗಳು ಜಿದ್ದಿಗೆ ಬಿದ್ದಿದ್ದವಂತೆ. ಮರುವರ್ಷ ಮೂರೂ ಲಾಗೋಸ್ ರಸ್ತೆಗಳಿಂದ ಮಾಯವಾದವಂತೆ. ಅಷ್ಟು ದುಡ್ಡು ಇದ್ದೂ ಯಾಕೆ ಹೀಗಾಯಿತು? ಒಳ್ಳೆಯ ಆ್ಯಪ್ ಇದ್ದವರಾದರೂ ಉಳಿಯಬೇಕಿತ್ತು ಅಲ್ವಾ? ನಾನು ಅಲ್ಲಿಗೆ ಹೋಗಬಹುದಾ?

ಉತ್ತರ: ಆ್ಯಪ್ ವಿಷಯ ಮೊದಲು ಮುಗಿಸಿಬಿಡೋಣ. ಮೂರೂ ಆ್ಯಪ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೈಕ್ ಕರೆಯಬಹುದಿತ್ತು, ದರ ಮೊದಲೇ ಕಾಣುತ್ತಿತ್ತು, ಸವಾರ ಬಂದು ಕರೆದೊಯ್ಯುತ್ತಿದ್ದ. ಅಷ್ಟೇ. ಗೋಕಾಡ, ಮ್ಯಾಕ್ಸ್, ಓರೈಡ್ ಅನ್ನುವ ಈ ಮೂರು ಹೆಸರುಗಳನ್ನು ಒಂದೇ ಓಟದ ಮೂವರು ಓಟಗಾರರು ಅಂತ ಪತ್ರಿಕೆಗಳು ಬರೆದವು. ನನ್ನ ಪ್ರಕಾರ ಅಲ್ಲೇ ಎಡವಟ್ಟಾಗಿದ್ದು. ಒಂದೇ ರಸ್ತೆಯಲ್ಲಿ ಓಡುತ್ತಿದ್ದರೂ ಮೂವರ ವ್ಯಾಪಾರವೂ ಬೇರೆ ಬೇರೆ. ಆ ಓಟ ನಿಂತ ಮೇಲೆ ಯಾರ ಕೈಯಲ್ಲಿ ಏನು ಉಳಿಯಿತು ಅಂತ ನೋಡಿದರೆ ಇದು ಗೊತ್ತಾಗುತ್ತದೆ.

ಲಾಗೋಸ್ ಎಂಥ ಊರು ಅಂತ ಸ್ವಲ್ಪ ಹೇಳಬೇಕು. ಒಂದೂವರೆ ಕೋಟಿಗೂ ಜಾಸ್ತಿ ಜನ. ಊರಿನ ಒಂದು ಭಾಗ ಮುಖ್ಯನೆಲದಲ್ಲಿ, ಇನ್ನೊಂದು ಭಾಗ ದ್ವೀಪಗಳಲ್ಲಿ. ಆಫೀಸು, ಬ್ಯಾಂಕು, ದೊಡ್ಡ ಸಂಬಳದ ಕೆಲಸ ಜಾಸ್ತಿ ಇರುವುದು ಲಾಗೋಸ್ ಐಲ್ಯಾಂಡ್, ವಿಕ್ಟೋರಿಯಾ ಐಲ್ಯಾಂಡ್, ಲೆಕ್ಕಿ ಕಡೆ. ಜನ ವಾಸ ಇರುವುದು ಹೆಚ್ಚಾಗಿ ಮುಖ್ಯನೆಲದ ಕಡೆ. ನಡುವೆ ಇರುವ ಸೇತುವೆಗಳನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲಿ ದೊಡ್ಡದಾದ ಥರ್ಡ್ ಮೇನ್‌ಲ್ಯಾಂಡ್ ಬ್ರಿಜ್ ಹೆಚ್ಚುಕಡಿಮೆ 12 ಕಿಲೋಮೀಟರ್ ಉದ್ದ. ಬೆಳಿಗ್ಗೆ ಆ ಸೇತುವೆ ಮೇಲೆ ಸಿಕ್ಕಿಕೊಂಡರೆ ನಮ್ಮ ಸಿಲ್ಕ್ ಬೋರ್ಡ್ ಎಷ್ಟೋ ವಾಸಿ ಅನ್ನಿಸುತ್ತದೆ. ಹಳದಿ ಬಣ್ಣದ ಡಾನ್‌ಫೋ ಮಿನಿಬಸ್‌ಗಳು ಅಲ್ಲೇ ನಿಂತಿರುತ್ತವೆ. ಆಗೆಲ್ಲಾ ಸಂದು ನೋಡಿಕೊಂಡು ನುಗ್ಗುತ್ತಿದ್ದದ್ದು ಒಕಾಡ, ಅಂದರೆ ಬಾಡಿಗೆ ಬೈಕ್.

ಬೆಂಗಳೂರಲ್ಲಿ ಬೈಕ್ ಟ್ಯಾಕ್ಸಿ ಬಂದಿದ್ದೇ ಆ್ಯಪ್ ಜೊತೆಗೆ. ಲಾಗೋಸ್‌ನಲ್ಲಿ ಹಾಗಲ್ಲ. ಅಲ್ಲಿ ಒಕಾಡ ದಶಕಗಳಿಂದ ಇದೆ. ಆಗ ಪ್ರತಿ ಜಂಕ್ಷನ್‌ನಲ್ಲೂ ಬೈಕ್‌ಗಳು ಸಾಲಾಗಿ ನಿಂತಿರುತ್ತಿದ್ದವು, ಬಹುಪಾಲು ನಮ್ಮ ಬಜಾಜ್ ಕಂಪನಿಯ ಬಾಕ್ಸರ್. ಚೌಕಾಸಿ ಮಾಡಿ ಹತ್ತಬೇಕಿತ್ತು. ಹಾಗಾಗಿ ಈ ಸ್ಟಾರ್ಟಪ್‌ಗಳು ಹೊಸ ಮಾರುಕಟ್ಟೆಯನ್ನೇನೂ ಹುಟ್ಟಿಸಲಿಲ್ಲ. ಆಗಲೇ ನಡೆಯುತ್ತಿದ್ದ ವ್ಯಾಪಾರದೊಳಗೆ ಕಾಲಿಟ್ಟವು. ಅವರ ಅಸಲಿ ಎದುರಾಳಿ ಇನ್ನೊಂದು ಆ್ಯಪ್ ಆಗಿರಲಿಲ್ಲ. ಮೂಲೆಯಲ್ಲಿ ನಿಂತು 'ಬನ್ನಿ ಸಾರ್' ಅಂತ ಕರೆಯುವ ಸವಾರನೇ ಎದುರಾಳಿ. ಅವನ ಹತ್ತಿರ ಬೈಕ್ ಆಗಲೇ ರೆಡಿ. ಆ್ಯಪ್‌ನಲ್ಲಿ ಐದು ನಿಮಿಷ ಕಾಯಬೇಕು.

ಹಾಗಾದರೆ ಸ್ಟಾರ್ಟಪ್‌ಗಳು ಮಾರಿದ್ದು ಏನನ್ನು? ನಂಬಿಕೆಯನ್ನು. ಮ್ಯಾಕ್ಸ್ ಹುಟ್ಟಿದ್ದು 2015ರಲ್ಲಿ. ಅಡೆತಾಯೊ ಬಾಮಿದೂರೊ ಮತ್ತು ಚಿನೆಡು ಅಜೊಡೊ ಕಟ್ಟಿದ ಈ ಕಂಪನಿ ಮೊದಲು ಪಾರ್ಸೆಲ್ ತಲುಪಿಸುತ್ತಿತ್ತು, ಆಮೇಲೆ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಗೋಕಾಡ ಶುರುವಾಗಿದ್ದು 2018ರಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಫಹಿಮ್ ಸಾಲೆಹ್ ಅದಕ್ಕೂ ಮುಂಚೆ ಬಾಂಗ್ಲಾದೇಶದಲ್ಲಿ ಪಠಾವೊ ಅನ್ನುವ ಬೈಕ್ ಟ್ಯಾಕ್ಸಿ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಢಾಕಾದಲ್ಲಿ ನಡೆದಿದ್ದು ಲಾಗೋಸ್‌ನಲ್ಲೂ ನಡೆಯುತ್ತದೆ ಅನ್ನುವ ಲೆಕ್ಕ. ಎರಡೂ ಕಂಪನಿಗಳು ಸವಾರರಿಗೆ ತರಬೇತಿ ಕೊಟ್ಟವು, ಪ್ರಯಾಣಿಕರಿಗೂ ಹೆಲ್ಮೆಟ್ ಕೊಟ್ಟವು, ಸವಾರ ಯಾರು ಎಲ್ಲಿದ್ದಾನೆ ಅಂತ ಗುರುತು ಇಟ್ಟುಕೊಂಡವು. ಗೋಕಾಡ 2019ರ ಆಗಸ್ಟ್‌ನಲ್ಲಿ ಎರಡು ವಾರ ಇಡೀ ಸೇವೆಯನ್ನೇ ನಿಲ್ಲಿಸಿ ಎಲ್ಲರಿಗೂ ಮತ್ತೆ ತರಬೇತಿ ಕೊಟ್ಟಿತು. ಪೈಪೋಟಿ ಕಾವೇರಿದ್ದ ಹೊತ್ತಿನಲ್ಲಿ ಹೀಗೆ ಬಾಗಿಲು ಹಾಕಿ ಕೂರುವುದು ಸುಮ್ನೆ ಮಾತಲ್ಲ. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಅಲ್ಲೇ.

ಆಗಲೇ ಓರೈಡ್ ಬಂದಾಗಿತ್ತು.

ಓರೈಡ್ ಹಿಂದೆ ಇದ್ದದ್ದು ಓಪೇ, ಓಪೇ ಹಿಂದೆ ಇದ್ದದ್ದು ಒಪೆರಾ. ಹಳೆಯ ಮೊಬೈಲ್‌ಗಳಲ್ಲಿ ಒಪೆರಾ ಮಿನಿ ಬ್ರೌಸರ್ ಬಳಸಿದ ನೆನಪಿರಬೇಕು ನಿಮಗೆ, ಅದೇ ಕಂಪನಿ. ನಾರ್ವೆಯಲ್ಲಿ ಹುಟ್ಟಿದ ಆ ಕಂಪನಿಯ ಬ್ರೌಸರ್ ವ್ಯವಹಾರ 2016ರಲ್ಲಿ ಚೀನೀ ಹೂಡಿಕೆದಾರರ ಕೈಗೆ ಹೋಯಿತು. ನೈಜೀರಿಯಾದಲ್ಲಿ ಒಪೆರಾ ಬಳಸುವವರು ತುಂಬಾ ಜನ. ಅವರಿಗೆ ಹಣ ಪಾವತಿ ಸೇವೆ ಕೊಡಬೇಕು ಅಂತ 2018ರಲ್ಲಿ ಓಪೇ ಬಂತು, 2019ರ ಮಧ್ಯದಲ್ಲಿ ಓರೈಡ್ ರಸ್ತೆಗಿಳಿಯಿತು. ಈಗ ದುಡ್ಡಿನ ಲೆಕ್ಕ ನೋಡಿ. ಆ ವರ್ಷ ಗೋಕಾಡ ಎತ್ತಿದ ಬಂಡವಾಳ 53 ಲಕ್ಷ ಡಾಲರ್. ಮ್ಯಾಕ್ಸ್ 70 ಲಕ್ಷ ಡಾಲರ್. ಓಪೇ ಜುಲೈಯಲ್ಲಿ 5 ಕೋಟಿ, ನವೆಂಬರ್‌ನಲ್ಲಿ ಮತ್ತೆ 12 ಕೋಟಿ, ಒಟ್ಟು 17 ಕೋಟಿ ಡಾಲರ್. ಅಂದಿನ ದರದಲ್ಲಿ ಸುಮಾರು 1,200 ಕೋಟಿ ರೂಪಾಯಿ. ಉಳಿದ ಇಬ್ಬರದ್ದು ಸೇರಿಸಿದರೂ ನೂರು ಕೋಟಿ ರೂಪಾಯಿ ಮುಟ್ಟುವುದಿಲ್ಲ.

ಆ ದುಡ್ಡು ಬೀದಿಯಲ್ಲಿ ಕಾಣಿಸಿತು. 100 ನೈರಾಗೆ ಸವಾರಿ. ನಮ್ಮ ಲೆಕ್ಕದಲ್ಲಿ ಆಗ ಸುಮಾರು 20 ರೂಪಾಯಿ. ಮೂಲೆಯ ಒಕಾಡದವನೂ ಆ ದರಕ್ಕೆ ದೂರ ಬರುತ್ತಿರಲಿಲ್ಲ. ಒಂದೊಂದು ಸವಾರಿಯಲ್ಲೂ ಓಪೇ ಕೈಯಿಂದ ಹಾಕುತ್ತಿತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಹುಚ್ಚಾಟ ಆಗಿರಲಿಲ್ಲ. ಜಾತ್ರೆಯಲ್ಲಿ ಅಂಗಡಿ ಹಾಕಿದವನಿಗೆ ತೇರಿನಿಂದ ಲಾಭ ಬರಬೇಕಾಗಿಲ್ಲ, ತೇರು ನೋಡಲು ಜನ ಸೇರಿದರೆ ಸಾಕು. ಓಪೇಗೆ ಬೈಕ್ ಸವಾರಿ ಹಾಗೆ. ಅಗ್ಗದ ದರ ಸಿಗಬೇಕಾದರೆ ಓಪೇ ವಾಲೆಟ್ ಬೇಕು. ವಾಲೆಟ್‌ಗೆ ದುಡ್ಡು ಹಾಕಿದವರು ನಾಳೆ ಕರೆಂಟ್ ಬಿಲ್ ಕಟ್ಟುತ್ತಾರೆ, ಊರಿಗೆ ದುಡ್ಡು ಕಳಿಸುತ್ತಾರೆ. ಅದಕ್ಕೇ ಅವರು ಬೈಕ್‌ಗೆ ನಿಲ್ಲಲಿಲ್ಲ, ಮೂರು ಚಕ್ರದ ಓಟ್ರೈಕ್, ಬಸ್ಸಿಗೆ ಓಬಸ್, ಊಟಕ್ಕೆ ಓಫುಡ್ ಅಂತ ಒಂದರ ಹಿಂದೆ ಒಂದು ತೆರೆದರು. ಗೋಕಾಡ ಸವಾರಿಯಿಂದ ಬದುಕಬೇಕಿತ್ತು. ಓಪೇಗೆ ಸವಾರಿ ಅನ್ನುವುದು ಜಾಹೀರಾತಿನ ಖರ್ಚು. ಇಬ್ಬರೂ ಒಂದೇ ದರದಲ್ಲಿ ಪೈಪೋಟಿ ಮಾಡುವುದು ಹೇಗೆ ಹೇಳಿ?

ಸವಾರರ ಕಡೆಯಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೀವು ಈ ಕೆಲಸದಲ್ಲೇ ಇದ್ದವರು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಲಾಗೋಸ್‌ನ ಹೆಚ್ಚಿನ ಸವಾರರಿಗೆ ಸ್ವಂತ ಬೈಕ್ ಇರುವುದಿಲ್ಲ. ಒಬ್ಬ ಮಾಲೀಕ ಬೈಕ್ ಕೊಡುತ್ತಾನೆ. ಸವಾರ ದಿನಕ್ಕಿಷ್ಟು ಅಂತ ಕಟ್ಟುತ್ತಾನೆ, ಅಥವಾ ಕಂತು ಕಟ್ಟಿ ಕೊನೆಗೆ ಬೈಕ್ ತನ್ನದು ಮಾಡಿಕೊಳ್ಳುತ್ತಾನೆ. ಸ್ಟಾರ್ಟಪ್‌ಗಳು ಈ ಪದ್ಧತಿಯನ್ನೇ ಕಂಪನಿ ಲೆಕ್ಕಕ್ಕೆ ತಂದವು. ಗೋಕಾಡದಲ್ಲಿ ಸವಾರ ದಿನಕ್ಕೆ ನಿಗದಿ ಮೊತ್ತ ಕಟ್ಟುತ್ತಿದ್ದ. 'ನಮ್ಮ ಯಾತ್ರಿ' ಆ್ಯಪ್ ಬಂದ ಮೇಲೆ ಬೆಂಗಳೂರಿನ ಆಟೋದವರಿಗೂ ಕಮಿಷನ್ ಬದಲು ದಿನದ ಫೀ ಅನ್ನುವುದು ಪರಿಚಯ ಆಗಿದೆ ಅಲ್ವಾ? ಕಮಿಷನ್ ಇದ್ದರೆ ಸವಾರನಿಗೆ ಆ್ಯಪ್‌ನ ಟ್ರಿಪ್ ಕ್ಯಾನ್ಸಲ್ ಮಾಡಿಸಿ ಅದೇ ಪ್ರಯಾಣಿಕರನ್ನು ಹೊರಗಿಂದ ಕರೆದುಕೊಂಡು ಹೋಗುವ ಆಸೆ. ದಿನದ ಫೀ ಇದ್ದರೆ ಆ ಆಸೆ ಹೋಗುತ್ತದೆ, ಆದರೆ ಇನ್ನೊಂದು ಸಮಸ್ಯೆ ಬರುತ್ತದೆ. ಫೀ ಕಟ್ಟಿ ಆಯಿತಲ್ಲ, ಇನ್ನು ಆ್ಯಪ್‌ನಿಂದ ಟ್ರಿಪ್ ಬಂದರೇನು, ಮೂಲೆಯಲ್ಲಿ ಸಿಕ್ಕರೇನು? ಯಾವುದು ಹತ್ತಿರವೋ ಅದು. ಕಂಪನಿ ಆ್ಯಪ್‌ನಲ್ಲಿ ಬೈಕ್ ಸಿಗುತ್ತಿಲ್ಲ ಅಂತ ಪ್ರಯಾಣಿಕ ಬೈಯುತ್ತಾನೆ. ಕಂಪನಿ ಬೋನಸ್ ಕೊಟ್ಟು ಸವಾರನನ್ನು ಆ್ಯಪ್‌ಗೆ ಎಳೆಯಬೇಕಾಗುತ್ತದೆ. ಬೋನಸ್ ಎಲ್ಲಿ ಜಾಸ್ತಿಯೋ ಸವಾರ ಅಲ್ಲಿಗೆ ಹಾರುತ್ತಾನೆ. ಓರೈಡ್ ಹತ್ತಿರ ಬೋನಸ್‌ಗೆ ಬರ ಇರಲಿಲ್ಲ. ಗೋಕಾಡ ತರಬೇತಿ ಕೊಟ್ಟ ಸವಾರ ನಾಳೆ ಓರೈಡ್ ಹೆಲ್ಮೆಟ್ ಹಾಕಿಕೊಂಡರೆ ತಡೆಯುವವರು ಯಾರು?

ಇದೆಲ್ಲಾ ಮಾರುಕಟ್ಟೆಯ ಒಳಗಿನ ಕಥೆ. ಹೊರಗೆ ಇಬ್ಬರು ಕಾದಿದ್ದರು.

ಮೊದಲನೆಯವರು ಸಾರಿಗೆ ಕಾರ್ಮಿಕರ ಯೂನಿಯನ್‌ಗಳು. ಎನ್‌ಯುಆರ್‌ಟಿಡಬ್ಲ್ಯೂ ಅನ್ನುವ ದೊಡ್ಡ ಯೂನಿಯನ್ ಆಗ ಲಾಗೋಸ್ ರಾಜಕೀಯದಲ್ಲೂ ಬಲವಾಗಿತ್ತು. ಪ್ರತಿ ನಿಲ್ದಾಣದಲ್ಲೂ ಅಗ್ಬೆರೊಗಳು ಅಂತ ಕರೆಯುವ ಹುಡುಗರು ನಿಂತು ಬಸ್ಸು, ಬೈಕು ಎಲ್ಲರಿಂದಲೂ ದಿನಕ್ಕೆ ಹಲವು ಸಲ ಚೀಟಿ ಹರಿದು ದುಡ್ಡು ಎತ್ತುತ್ತಾರೆ. ನಮ್ಮ ಭಾಷೆಯಲ್ಲಿ ಮಾಮೂಲಿ. ಆ್ಯಪ್ ಬೈಕ್‌ಗಳು 'ನಾವು ಕಂಪನಿ, ನಾವ್ಯಾಕೆ ಕೊಡಬೇಕು' ಅಂದವು. 2019ರಲ್ಲಿ ಸವಾರರನ್ನು ತಡೆಯುವುದು, ಹೊಡೆಯುವುದು, ಬೈಕ್ ಕಿತ್ತುಕೊಳ್ಳುವುದು ನಡೆಯಿತು. ಎರಡನೆಯವರು ರಾಜ್ಯ ಸರ್ಕಾರ. ಪ್ರತಿ 1,000 ಬೈಕ್‌ಗೆ ವರ್ಷಕ್ಕೆ 2.5 ಕೋಟಿ ನೈರಾ ಲೈಸೆನ್ಸ್ ಫೀ ಹಾಕುವ ಯೋಚನೆ ಇದೆ ಅಂತ ಅದೇ ವರ್ಷ ಸುದ್ದಿಯಾಯಿತು. ಫೀ ದುಬಾರಿ ಅಂತ ಕಂಪನಿಗಳು ಗೊಣಗಿದವು. ಒಳಗೊಳಗೆ ಅವರಿಗೆ ಸಮಾಧಾನವೂ ಆಗಿತ್ತು ಅಂತ ನನ್ನ ಊಹೆ. ಫೀ ಕೇಳುವವರು ನಿಷೇಧ ಮಾಡುವುದಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದಲ್ಲ.

ಕಾನೂನಿನಲ್ಲಿ ಅವರು ನಿಂತಿದ್ದ ಜಾಗ ಬಹಳ ಇಕ್ಕಟ್ಟಿನದು. 2012ರ ಲಾಗೋಸ್ ಸಂಚಾರ ಕಾಯ್ದೆ 475 ರಸ್ತೆಗಳಲ್ಲಿ ಒಕಾಡವನ್ನು ನಿರ್ಬಂಧಿಸಿತ್ತು. 200 ಸಿಸಿ ಮತ್ತು ಅದಕ್ಕಿಂತ ದೊಡ್ಡ ಬೈಕ್‌ಗಳಿಗೆ ಮಾತ್ರ ಹೆದ್ದಾರಿಯಲ್ಲಿ ವಿನಾಯಿತಿ. ಸ್ಟಾರ್ಟಪ್‌ಗಳು ಆ ಸಂದಿಯಲ್ಲೇ ನುಸುಳಿದ್ದವು. ನಮ್ಮದು ದೊಡ್ಡ ಬೈಕು, ನಾವು ಒಕಾಡ ಅಲ್ಲ ಅನ್ನುವುದು ಅವರ ವಾದ.

2020ರ ಜನವರಿ ಕೊನೆಯ ವಾರದಲ್ಲಿ ಸರ್ಕಾರ ಘೋಷಿಸಿತು. ಫೆಬ್ರವರಿ 1ರಿಂದ ಇಕೇಜಾ, ಸುರುಲೆರೆ, ಲಾಗೋಸ್ ಐಲ್ಯಾಂಡ್, ಎಟಿ-ಒಸಾ ಸೇರಿ ಆರು ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ, ಮುಖ್ಯ ಹೆದ್ದಾರಿಗಳಲ್ಲಿ, ಸೇತುವೆಗಳಲ್ಲಿ ಒಕಾಡವೂ ಇಲ್ಲ, ಮೂರು ಚಕ್ರದ ಕೆಕೆಯೂ ಇಲ್ಲ. ಅಂದರೆ ದುಡಿಮೆ ಇರುವ ಜಾಗಗಳೆಲ್ಲಾ ಹೋದವು. 2016ರಿಂದ 2019ರವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲೇ 10,000ಕ್ಕೂ ಹೆಚ್ಚು ಅಪಘಾತ ದಾಖಲಾಗಿವೆ, 600ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಂತ ಸರ್ಕಾರ ಕಾರಣ ಕೊಟ್ಟಿತು. ಆ ಕಾರಣವನ್ನು ತಳ್ಳಿಹಾಕಲಾಗದು. ಆದರೆ ಹೆಲ್ಮೆಟ್, ವಿಮೆ, ತರಬೇತಿ ಇದ್ದವರಿಗೂ ಇಲ್ಲದವರಿಗೂ ಒಂದೇ ಆದೇಶ. ಸುರಕ್ಷತೆ ಅನ್ನುವುದನ್ನು ಈ ಕಂಪನಿಗಳು ಪ್ರಯಾಣಿಕರಿಗೆ ಚೆನ್ನಾಗಿ ಮಾರಿದ್ದವು. ಅದಕ್ಕೆ ಕಾನೂನಿನಲ್ಲಿ ಒಂದು ಸಾಲಿನ ಮಾನ್ಯತೆ ಪಡೆದುಕೊಂಡಿರಲಿಲ್ಲ. ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಜನ ಕಿಲೋಮೀಟರ್‌ಗಟ್ಟಲೆ ನಡೆದು ಆಫೀಸಿಗೆ ಹೋದರು, ಸರ್ಕಾರ ಒಂದಿಷ್ಟು ಬಸ್ಸು, ದೋಣಿ ಬಿಟ್ಟಿತು. ಆದೇಶ ಹಿಂದೆ ಬರಲಿಲ್ಲ. ಅಷ್ಟೇ ಅಲ್ಲ, 2022ರ ಜೂನ್‌ನಲ್ಲಿ ಅದೇ ಆರು ಪ್ರದೇಶಗಳಲ್ಲಿ ಪೂರ್ತಿ ನಿಷೇಧ ಅಂತ ಇನ್ನೂ ಬಿಗಿ ಮಾಡಿದರು.

2025ರ ಜೂನ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ನೀವು ಇದರ ಒಂದು ರೂಪ ನೋಡಿಯೇ ಇರುತ್ತೀರಿ. ನಿಯಮ ಇಲ್ಲದ ಜಾಗದಲ್ಲಿ ದೊಡ್ಡದಾಗಿ ಬೆಳೆಯುವ ಅಪಾಯ ಎರಡೂ ಕಡೆ ಒಂದೇ.

ಈಗ ಮೂವರೂ ಎಲ್ಲಿಗೆ ಹೋದರು ನೋಡೋಣ. ಗೋಕಾಡ ತನ್ನ ಸಿಬ್ಬಂದಿಯಲ್ಲಿ ಬಹುಪಾಲು ಜನರನ್ನು ಮನೆಗೆ ಕಳಿಸಿ ಡೆಲಿವರಿಗೆ ತಿರುಗಿತು. ಸಾಮಾನು ತಲುಪಿಸುವ ಬೈಕ್‌ಗಳಿಗೆ ಆ ನಿಷೇಧ ತಟ್ಟಿರಲಿಲ್ಲ. ಅದೇ ವರ್ಷ ಜುಲೈಯಲ್ಲಿ ಫಹಿಮ್ ಸಾಲೆಹ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕೊಲೆಯಾದರು. ಅದಕ್ಕೂ ಈ ಪೈಪೋಟಿಗೂ ಸಂಬಂಧ ಇರಲಿಲ್ಲ, ಆದರೆ ಕಂಪನಿಗೆ ಅದು ದೊಡ್ಡ ಪೆಟ್ಟು.

ಓಪೇ 2020ರ ಮಧ್ಯದಲ್ಲಿ ಓರೈಡ್ ಮತ್ತು ಹೆಚ್ಚಿನ ಪಕ್ಕದ ವ್ಯಾಪಾರಗಳನ್ನು ನಿಲ್ಲಿಸಿತು. ಸೋತರು ಅಂತ ಎಲ್ಲರೂ ಬರೆದರು. 2021ರ ಆಗಸ್ಟ್‌ನಲ್ಲಿ ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್ ಮುಂದಾಳತ್ವದಲ್ಲಿ ಓಪೇಗೆ 40 ಕೋಟಿ ಡಾಲರ್ ಬಂತು, ಕಂಪನಿಯ ಬೆಲೆ 200 ಕೋಟಿ ಡಾಲರ್ ಅಂತ ಲೆಕ್ಕ ಕಟ್ಟಿದರು. 2023ರ ಆರಂಭದಲ್ಲಿ ನೈಜೀರಿಯಾದಲ್ಲಿ ಹೊಸ ನೋಟಿನ ಗೊಂದಲದಿಂದ ಕೈಯಲ್ಲಿ ಕಾಸಿಲ್ಲದೆ ಜನ ಪರದಾಡಿದಾಗ ಓಪೇ ಇನ್ನೂ ಬೆಳೆಯಿತು. ಬೈಕ್ ಸವಾರಿಗೆ ಸುರಿದ ದುಡ್ಡು ದಂಡವಾಯಿತಾ? ಪೂರ್ತಿ ಅಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಆ ಲೆಕ್ಕದ ಪೆಟ್ಟು ತಿಂದದ್ದು ಬೈಕ್ ಕಂತು ಕಟ್ಟುತ್ತಿದ್ದ ಸವಾರರು. ಬೈಕ್ ಓಡುವುದು ನಿಂತ ಮೇಲೆ ಕಂತು ಎಲ್ಲಿಂದ ಬರಬೇಕು?

ಮ್ಯಾಕ್ಸ್ ಕಥೆ ನಿಮಗೆ ಹೆಚ್ಚು ಉಪಯೋಗ. ಅವರು ಪ್ರಯಾಣಿಕರನ್ನು ಬಿಟ್ಟು ಸವಾರರನ್ನು ಗ್ರಾಹಕರು ಅಂತ ನೋಡಲು ಶುರು ಮಾಡಿದರು. ಗಾಡಿಗೆ ಸಾಲ, ಎಲೆಕ್ಟ್ರಿಕ್ ಬೈಕ್, ಲಾಗೋಸ್ ಬಿಟ್ಟು ಬೇರೆ ಊರುಗಳು. 2021ರ ಡಿಸೆಂಬರ್‌ನಲ್ಲಿ 3.1 ಕೋಟಿ ಡಾಲರ್ ಬಂಡವಾಳ ಸಿಕ್ಕಿತು. ಉಗಾಂಡಾದ ಬೈಕ್ ಟ್ಯಾಕ್ಸಿ ಕಂಪನಿ ಸೇಫ್‌ಬೋಡಾ ಕೂಡ ನೈಜೀರಿಯಾಕ್ಕೆ ಬಂದಾಗ ಲಾಗೋಸ್ ಬಿಟ್ಟು ಇಬಾದಾನ್ ಊರನ್ನು ಆರಿಸಿಕೊಂಡಿತ್ತು. ಆಗ ಅದು ಅಂಜುಬುರುಕತನದಂತೆ ಕಂಡಿತ್ತು.

ಕಾರುಗಳ ಕಥೆ ಉದ್ದ ಇದೆ, ಬೇಗ ಹೇಳುತ್ತೇನೆ. ಊಬರ್ ಲಾಗೋಸ್‌ಗೆ ಬಂದದ್ದು 2014ರಲ್ಲಿ. ಎಸ್ಟೋನಿಯಾದ ಟ್ಯಾಕ್ಸಿಫೈ, ಅಂದರೆ ಈಗಿನ ಬೋಲ್ಟ್, 2016ರಲ್ಲಿ ಬಂತು. ಕಮ್ಮಿ ದರ, ಕಮ್ಮಿ ಕಮಿಷನ್. ಆಮೇಲೆ ಬಂದ ಇನ್‌ಡ್ರೈವ್‌ನಲ್ಲಿ ದರವನ್ನು ಪ್ರಯಾಣಿಕ, ಚಾಲಕ ಚೌಕಾಸಿ ಮಾಡಿಕೊಳ್ಳಬಹುದು. ಚೌಕಾಸಿಯೇ ಉಸಿರಾಗಿರುವ ಊರಿಗೆ ಅದು ಹೇಳಿಮಾಡಿಸಿದ್ದು. 2020ರಲ್ಲಿ ಸರ್ಕಾರ ನಿಯಮ ತಂದಾಗ ಪ್ರತಿ ಟ್ರಿಪ್‌ನ ಶೇ 10 ಕೇಳಿತ್ತು, ಮಾತುಕತೆ ಆಗಿ ಟ್ರಿಪ್‌ಗೆ 20 ನೈರಾಗೆ ಇಳಿಯಿತು. ಬೈಕ್‌ನವರಿಗೆ ಸಿಗದ ಮಾತುಕತೆ ಕಾರಿನವರಿಗೆ ಸಿಕ್ಕಿತು, ಗಮನಿಸಿ. 2022ರಲ್ಲಿ ರಾಜ್ಯ ಸರ್ಕಾರವೇ ಲ್ಯಾಗ್‌ರೈಡ್ ಅಂತ ಕಂತಿನ ಮೇಲೆ ಹೊಸ ಕಾರು ಕೊಟ್ಟು ಪೈಪೋಟಿಗೆ ಇಳಿಯಿತು. ನಿಯಮ ಬರೆಯುವವರೇ ಎದುರಾಳಿ.

ಆದರೆ ಕಾರಿನ ಕಡೆ ನನಗೆ ಕುತೂಹಲ ಇರುವುದು ಮೂವ್ ಅನ್ನುವ ಕಂಪನಿ ಮೇಲೆ. 2020ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿತು. ಇವರಿಗೆ ಪ್ರಯಾಣಿಕರ ಆ್ಯಪ್ ಇಲ್ಲ. ಬ್ಯಾಂಕ್ ಸಾಲ ಸಿಗದ ಊಬರ್ ಚಾಲಕರಿಗೆ ಕಾರು ಕೊಡುತ್ತಾರೆ, ಕಂತನ್ನು ಅವರ ದುಡಿಮೆಯಿಂದ ಹಿಡಿಯುತ್ತಾರೆ. 2022ರಲ್ಲಿ ಭಾರತಕ್ಕೂ ಬಂದರು, ಬೆಂಗಳೂರೂ ಅವರ ಪಟ್ಟಿಯಲ್ಲಿತ್ತು. 2024ರಲ್ಲಿ ಊಬರ್ ಸ್ವತಃ ಅದರಲ್ಲಿ ದುಡ್ಡು ಹಾಕಿತು. ಸವಾರಿಯ ಒಂದು ಪಕ್ಕದಲ್ಲಿ ಪಾವತಿ, ಇನ್ನೊಂದು ಪಕ್ಕದಲ್ಲಿ ಗಾಡಿ ಸಾಲ. ಲಾಗೋಸ್‌ನಲ್ಲಿ ಬೆಳೆದವರು ಈ ಎರಡು ಪಕ್ಕದಲ್ಲಿ ಕೂತವರು. ನಡುವೆ ಇರುವ ಸವಾರಿಯಲ್ಲಿ ಉಳಿಯುವ ಲಾಭ ತೀರಾ ತೆಳು, ಎಲ್ಲರೂ ಕಿತ್ತಾಡಿದ್ದು ಮಾತ್ರ ಅದಕ್ಕೇ.

ಒಂದು ಎಚ್ಚರಿಕೆ. ಗಾಡಿ ಸಾಲ ಅಂದರೆ ಸುಖ ಅಂದುಕೊಳ್ಳಬೇಡಿ. 2023ರ ಮೇ ಕೊನೆಯಲ್ಲಿ ಹೊಸ ಅಧ್ಯಕ್ಷ ಟಿನುಬು ಪೆಟ್ರೋಲ್ ಸಬ್ಸಿಡಿ ತೆಗೆದರು. ಲೀಟರಿಗೆ 200 ನೈರಾಗಿಂತ ಕೆಳಗಿದ್ದ ಬೆಲೆ ಕೆಲವೇ ದಿನಗಳಲ್ಲಿ 500ರ ಆಸುಪಾಸಿಗೆ ಹಾರಿತು. ಚಾಲಕರು ಆ್ಯಪ್ ಆಫ್ ಮಾಡಿ ಮುಷ್ಕರ ಹೂಡಿದರು. 2019ರಲ್ಲಿ ಡಾಲರ್‌ಗೆ 360 ನೈರಾ ಇತ್ತು, 2024ರ ಫೆಬ್ರವರಿಯಲ್ಲಿ 1,500 ದಾಟಿತು. ಗಾಡಿ, ಬಿಡಿಭಾಗ, ಹೂಡಿಕೆದಾರರ ದುಡ್ಡು ಎಲ್ಲಾ ಡಾಲರ್‌ನಲ್ಲಿ. ಚಾಲಕ ಕಟ್ಟುವ ಕಂತು ನೈರಾದಲ್ಲಿ. ಆ ಕಂದಕಕ್ಕೆ ಯಾವ ಆ್ಯಪ್ ಸೇತುವೆ ಕಟ್ಟುತ್ತದೆ?

ಈಗ ನಿಮ್ಮ ಕೆಲಸದ ವಿಷಯ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಇಂಥ ಊರಿನಲ್ಲಿ ಎರಡು ವರ್ಷ ಕಲಿಯುವುದು ಬೆಂಗಳೂರಿನಲ್ಲಿ ಐದು ವರ್ಷಕ್ಕೂ ಸಿಗಲಿಕ್ಕಿಲ್ಲ. ಆದರೆ ಸಂದರ್ಶನದಲ್ಲಿ ನೀವೂ ಅವರನ್ನು ಸಂದರ್ಶನ ಮಾಡಿ. ಗಾಡಿಗಳು ಯಾರ ಹೆಸರಲ್ಲಿವೆ ಅಂತ ಕೇಳಿ. ಕಂಪನಿಯದಾ, ಚಾಲಕನದಾ, ಮೂರನೆಯವರದಾ? ಅವುಗಳ ಮೇಲಿನ ಸಾಲ ಯಾವ ಕರೆನ್ಸಿಯಲ್ಲಿದೆ? ಎಷ್ಟು ಟ್ರಿಪ್ ಆಯಿತು ಅಂತ ಅವರು ಹೆಮ್ಮೆಯಿಂದ ಹೇಳುತ್ತಾರೆ. ರಿಯಾಯಿತಿ ನಿಲ್ಲಿಸಿದ ವಾರ ಎಷ್ಟಾಯಿತು ಅಂತ ಕೇಳಿ. ಕಂತು ಕಟ್ಟದೆ ಗಾಡಿ ಬಿಟ್ಟುಹೋದ ಚಾಲಕರು ನೂರಕ್ಕೆ ಎಷ್ಟು ಅಂತ ಕೇಳಿ, ಮುಖ ನೋಡಿ. ಸರ್ಕಾರದ ಅನುಮತಿ ಇದೆ ಅಂದರೆ ಆ ಕಾಗದ ತೋರಿಸಲು ಹೇಳಿ. 'ಮಂತ್ರಿಗಳ ಜೊತೆ ಮಾತಾಗಿದೆ' ಅನ್ನುವುದು ಕಾಗದ ಅಲ್ಲ. ಒಂದು ವೇಳೆ ಲಾಗೋಸ್ ಬಾಗಿಲು ಮುಚ್ಚಿದರೆ ಕಂಪನಿ ಬೇರೆ ಯಾವ ಊರಲ್ಲಿ ಬದುಕುತ್ತದೆ ಅಂತಲೂ ತಿಳಿದುಕೊಳ್ಳಿ.

ಸಂಬಳದ ಮಾತು ಕೊನೆಗೆ ಬರುತ್ತದೆ. ಡಾಲರ್ ಲೆಕ್ಕದಲ್ಲಿ ನಿಗದಿ ಮಾಡಿಸಿ. ನೈರಾದಲ್ಲೇ ಕೊಡುತ್ತೇವೆ ಅಂದರೆ, ಆ ತಿಂಗಳ ವಿನಿಮಯ ದರದಂತೆ ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಕಂಪನಿ ಚಾಲಕರ ಕಂತಿನ ಲೆಕ್ಕವನ್ನೂ ಸರಿಯಾಗಿ ಹಾಕಿರುತ್ತದೆ ಅಂತ ನನಗೆ ನಂಬಿಕೆ ಬರುವುದಿಲ್ಲ.